ಡಾಕ್ಟರು ಬರೆದ ದಿನಸಿ ಚೀಟಿ

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಮೌಂಡ್ ಬೇಯೂ ಎಂಬ ಸಣ್ಣ ಊರು. 1960ರ ದಶಕದ ಕೊನೆಯಲ್ಲಿ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಬಂದ ಮಕ್ಕಳನ್ನು ವೈದ್ಯರು ತೂಗಿ, ಅಳೆದು, ಪರೀಕ್ಷಿಸಿ, ಕೊನೆಗೆ ಔಷಧ ಚೀಟಿ ಬರೆಯುತ್ತಿದ್ದರು. ಚೀಟಿಯಲ್ಲಿ ಇರುತ್ತಿದ್ದದ್ದು ಹಾಲು, ಮಾಂಸ, ತರಕಾರಿ. ಇಂಥ ಮನೆಗೆ ಇಷ್ಟಿಷ್ಟು ಎಂಬ ಲೆಕ್ಕ. ತಾಯಿ ಅದನ್ನು ಹಿಡಿದು ಹೋಗಬೇಕಾಗಿದ್ದುದು ಕಿರಾಣಿ ಅಂಗಡಿಗೆ. ಸುತ್ತಲಿನ ಊರುಗಳಲ್ಲಿ ಕಪ್ಪುಜನರೇ ನಡೆಸುತ್ತಿದ್ದ ಅಂಗಡಿಗಳ ಜೊತೆ ಕೇಂದ್ರ ಮೊದಲೇ ಮಾತಾಡಿಕೊಂಡಿತ್ತು: ಚೀಟಿ ತಂದವರಿಗೆ ಸಾಮಾನು ಕೊಡಿ, ಬಿಲ್ಲು ನಮಗೆ ಕಳಿಸಿ. ಬಂದ ಬಿಲ್ಲನ್ನು ಕೇಂದ್ರ ತನ್ನ ಔಷಧದ ಬಾಬ್ತಿನಿಂದ ಪಾವತಿ ಮಾಡುತ್ತಿತ್ತು.

ಸುದ್ದಿ ರಾಜ್ಯದ ಗವರ್ನರ್ ಕಿವಿಗೆ ಬಿತ್ತು. ಅವರು ಗರಂ ಆದರು. ಹಣ ಕೊಡುತ್ತಿದ್ದ ವಾಷಿಂಗ್ಟನ್ ಕಚೇರಿಯಿಂದ ಅಧಿಕಾರಿಯೊಬ್ಬ ಓಡಿ ಬಂದ. ಔಷಧದ ಹಣದಲ್ಲಿ ದಿನಸಿ ಕೊಡಿಸುವಂತಿಲ್ಲ, ಅದು ಇರುವುದು ರೋಗಕ್ಕೆ ಮದ್ದು ಕೊಡಲು ಎಂದು ಆಕ್ಷೇಪಿಸಿದ. ಯೋಜನೆಯ ಹೊಣೆ ಹೊತ್ತಿದ್ದ ಡಾ. ಜ್ಯಾಕ್ ಗೈಗರ್ ಕೊಟ್ಟ ಉತ್ತರದ ಸಾರ ಇಷ್ಟು: ನಾನು ಕೊನೆಯ ಸಲ ಪಠ್ಯಪುಸ್ತಕ ತೆರೆದಾಗ ಅಪೌಷ್ಟಿಕತೆಗೆ ಚಿಕಿತ್ಸೆ ಆಹಾರ ಎಂದೇ ಇತ್ತಲ್ಲ! ಅಧಿಕಾರಿಗೆ ಮರುಮಾತು ಹೊಳೆಯಲಿಲ್ಲ. ಬಂದ ದಾರಿ ಹಿಡಿದ.

ಗೈಗರ್ ಈ ಪ್ರಸಂಗವನ್ನು ಜೀವನದುದ್ದಕ್ಕೂ ಹೇಳಿದರು. 2020ರ ಡಿಸೆಂಬರಿನಲ್ಲಿ, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರನ್ನು ನೆನೆದವರೂ ಇದನ್ನೇ ಹೇಳಿದರು. ಸಮುದಾಯ ಆರೋಗ್ಯದ ಭಾಷಣಗಳಲ್ಲಿ ಇದು ಈಗ ಗಾದೆಯಷ್ಟು ಸವೆದಿದೆ. ನನ್ನ ತಕರಾರು ಇರುವುದೂ ಅಲ್ಲೇ. ಜಾಣ ವೈದ್ಯ, ಪೆದ್ದ ಅಧಿಕಾರಿ, ಚುರುಕಾದ ಒಂದು ಮಾತು: ಇಷ್ಟು ಸಿಕ್ಕರೆ ಸಾಕು, ಅದರ ಹಿಂದೆ ಮುಂದೆ ಇದ್ದದ್ದನ್ನೆಲ್ಲ ಜನ ಆರಾಮಾಗಿ ಮರೆಯುತ್ತಾರೆ.

ಹಿಂದಿದ್ದದ್ದನ್ನು ಮೊದಲು ನೋಡೋಣ. ಆ ಪಠ್ಯಪುಸ್ತಕದ ಒಂದು ಅಧ್ಯಾಯ ಸಿದ್ಧವಾದದ್ದೇ ಮಿಸಿಸಿಪ್ಪಿಯಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಪೆಲಾಗ್ರ ಎಂಬ ಕಾಯಿಲೆ ಹಿಂಡುತ್ತಿತ್ತು. ಚರ್ಮ ಕೆಂಪೇರಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ಅಂಟುರೋಗವೆಂದೇ ಹೆಚ್ಚಿನವರು ನಂಬಿದ್ದರು. ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಮಾತ್ರ ಬಡವರ ತಟ್ಟೆಯ ಕಡೆ ನೋಡಿದರು. ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬು; ವರ್ಷವಿಡೀ ಅದೇ. 1915ರಲ್ಲಿ ಮಿಸಿಸಿಪ್ಪಿಯ ರ‍್ಯಾಂಕಿನ್ ಜೈಲು ತೋಟದ ಕೈದಿಗಳಲ್ಲಿ ಸ್ವಇಚ್ಛೆಯಿಂದ ಒಪ್ಪಿದ ಕೆಲವರಿಗೆ ತಿಂಗಳುಗಟ್ಟಲೆ ಇಂಥದೇ ಊಟ ಹಾಕಿಸಿದರು. ಕೊನೆಯವರೆಗೆ ಉಳಿದ 11 ಮಂದಿಯಲ್ಲಿ 6 ಮಂದಿಗೆ ಪೆಲಾಗ್ರ ಬಂತು. ಪ್ರಯೋಗಕ್ಕೆ ಒಪ್ಪಿದವರಿಗೆ ಬಿಡುಗಡೆಯ ಭಾಗ್ಯ ಕೊಟ್ಟದ್ದು ಅಂದಿನ ಗವರ್ನರ್ ಅರ್ಲ್ ಬ್ರೂವರ್. ಒಬ್ಬ ಗವರ್ನರ್ ಕೈದಿಗಳಿಗೆ ಕ್ಷಮಾದಾನ ಕೊಟ್ಟು ಸಾಬೀತು ಮಾಡಿಸಿಕೊಂಡದ್ದನ್ನು ಅದೇ ಕುರ್ಚಿಯಲ್ಲಿ ಕೂತ ಇನ್ನೊಬ್ಬ, ಅರ್ಧ ಶತಮಾನದ ಮೇಲೆ, ಹಗರಣವೆಂದು ಕರೆದಂತಾಯಿತು. ಗೋಲ್ಡ್‌ಬರ್ಗರ್‌ಗೂ ಆ ಕಾಲದಲ್ಲಿ ಬೈಗುಳ ತಪ್ಪಲಿಲ್ಲ. ನಮ್ಮ ಸೀಮೆಯಲ್ಲಿ ಹಸಿವಿದೆ ಎನ್ನುವುದು ದಕ್ಷಿಣದ ರಾಜಕಾರಣಿಗಳಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು.

ಎರಡನೆಯ ಎಳೆ ಬರುವುದು ದಕ್ಷಿಣ ಆಫ್ರಿಕಾದಿಂದ. 1940ರಲ್ಲಿ ಸಿಡ್ನಿ ಕಾರ್ಕ್, ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ ನಟಾಲ್ ಪ್ರಾಂತ್ಯದ ಪೊಲೇಲ ಎಂಬ ಜುಲು ಪ್ರದೇಶದಲ್ಲಿ ಆರೋಗ್ಯ ಕೇಂದ್ರ ತೆರೆದರು. ಜೊತೆಗೆ ಎಡ್ವರ್ಡ್ ಜಾಲಿ ಎಂಬ ಆಫ್ರಿಕನ್ ವೈದ್ಯಕೀಯ ಸಹಾಯಕ, ಅವರ ಹೆಂಡತಿ ನರ್ಸ್ ಅಮೇಲಿಯಾ ಜಾಲಿ. ಕಾಯಿಲೆಯವರು ಬರಲಿ ಎಂದು ಕಾಯದೆ ಮನೆಮನೆಗೆ ಹೋಗಿ ಯಾರಿದ್ದಾರೆ, ಏನು ತಿನ್ನುತ್ತಾರೆ, ನೀರು ಎಲ್ಲಿಂದ ಬರುತ್ತದೆ ಎಂದು ಬರೆದುಕೊಂಡರು. ಅಲ್ಲೂ ಮೆಕ್ಕೆಜೋಳ, ಅಲ್ಲೂ ಪೆಲಾಗ್ರ.

ಆ ಕೇಂದ್ರದಲ್ಲಿ ಕೆಲಸ ಮಾಡಿದ ಜಾನ್ ಕ್ಯಾಸೆಲ್ ಬರೆದಿಟ್ಟ ವಿವರಗಳು ಪೌಷ್ಟಿಕತೆಯ ಪಾಠ ಹೇಳಲು ಹೊರಟ ಎಲ್ಲರೂ ಓದಬೇಕಾದವು. ಮೆಕ್ಕೆಜೋಳ ನಮ್ಮ ಹಿರಿಯರ ಊಟ, ಅದನ್ನು ಬಿಡಿ ಎನ್ನುತ್ತೀರಾ ಎಂದು ಜನ ಕೇಳಿದಾಗ ಕೇಂದ್ರದವರು ವಾದಕ್ಕೆ ನಿಲ್ಲಲಿಲ್ಲ. ಊರ ಮುದುಕರನ್ನು ಕೂರಿಸಿಕೊಂಡು ಅವರ ಅಜ್ಜಂದಿರ ಕಾಲದ ಊಟ ಏನಿತ್ತೆಂದು ಕೇಳಿದರು. ಸಿರಿಧಾನ್ಯ, ಬೆರಕೆ ಸೊಪ್ಪು, ಹಾಲು, ಬೇಟೆಯ ಮಾಂಸ ಎಲ್ಲ ನೆನಪಾಯಿತು. ಮೆಕ್ಕೆಜೋಳವೇ ಆಮೇಲೆ ಬಂದದ್ದು! ಇನ್ನು ಹಾಲು. ಮದುವೆಯಾಗಿ ಬಂದ ಹೆಣ್ಣು ಗಂಡನ ಮನೆಯ ದನದ ಹಾಲು ಕುಡಿಯಬಾರದೆಂಬ ಕಟ್ಟಳೆ ಅಲ್ಲಿತ್ತು. ಬಸುರಿಗೆ ಹಾಲು ಬೇಕು, ಕಟ್ಟಳೆ ಮುರಿಯುವಂತಿಲ್ಲ. ಕೇಂದ್ರದವರು ಹಾಲಿನ ಪುಡಿ ಕೊಟ್ಟರು; ಅದು ಯಾವ ಮನೆತನದ ಕೊಟ್ಟಿಗೆಯಿಂದಲೂ ಬಂದದ್ದಲ್ಲವಾದ್ದರಿಂದ ಅತ್ತೆಯರೂ ತಕರಾರು ತೆಗೆಯಲಿಲ್ಲ. ಜೊತೆಗೆ ಹಿತ್ತಲ ತರಕಾರಿ ತೋಟಗಳು ಎದ್ದವು, ಬೀಜ ಹಂಚಿಕೆ ನಡೆಯಿತು. 1948ರಲ್ಲಿ ವರ್ಣಭೇದದ ಸರ್ಕಾರ ಬಂದ ಮೇಲೆ ಇಂಥ ಕೇಂದ್ರಗಳಿಗೆ ಅನ್ನ ನೀರು ನಿಂತಿತು. ಕಾರ್ಕ್ ದಂಪತಿ ದೇಶ ಬಿಟ್ಟರು. ಆದರೆ ಅದಕ್ಕೆ ಮುನ್ನ, 1957ರಲ್ಲಿ, ಅಮೆರಿಕದಿಂದ ಬಂದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಅವರ ಬಳಿ ಕೆಲವು ತಿಂಗಳು ಕಲಿತು ಹೋಗಿದ್ದ. ಅವನೇ ಗೈಗರ್.

1964ರ ಬೇಸಿಗೆಯಲ್ಲಿ ಮತದಾನದ ಹಕ್ಕಿನ ಚಳವಳಿಗಾರರಿಗೆ ವೈದ್ಯಕೀಯ ನೆರವು ಕೊಡಲೆಂದು ಗೈಗರ್ ಮಿಸಿಸಿಪ್ಪಿಗೆ ಬಂದಾಗ ಕಂಡದ್ದು ಇನ್ನೊಂದು ಪೊಲೇಲ. ಡೆಲ್ಟಾ ಎಂದು ಕರೆಯುವ ಆ ಸೀಮೆ ನದಿ ಸಮುದ್ರ ಸೇರುವ ಜಾಗವಲ್ಲ; ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವಿನ ಮೆಕ್ಕಲು ಮಣ್ಣಿನ ಬಯಲು. ಅಲ್ಲಿ ಕಪ್ಪುಜನ ಗುಲಾಮಗಿರಿ ಹೋದ ಮೇಲೂ ತಲೆಮಾರುಗಳ ಕಾಲ ಬಿಳಿಯರ ಜಮೀನಿನಲ್ಲಿ ಕೋರುಪಾಲಿಗೆ ಹತ್ತಿ ಬೆಳೆದರು. ಆಮೇಲೆ ಹತ್ತಿ ಬಿಡಿಸುವ ಯಂತ್ರ ಬಂತು, ಕಳೆನಾಶಕ ಬಂತು. 1967ರಲ್ಲಿ ಕೃಷಿ ಕೂಲಿಗೂ ಗಂಟೆಗೆ 1 ಡಾಲರ್ ಕನಿಷ್ಠ ವೇತನವೆಂಬ ಕಾನೂನು ಜಾರಿಗೆ ಬಂದಾಗ ಉಳಿದಿದ್ದ ಕೂಲಿಯೂ ಹೋಯಿತು. ಮಾಲೀಕರು ಯಂತ್ರವೇ ಅಗ್ಗ ಎಂದರು. ಅದೇ ಹೊತ್ತಿಗೆ ಅನೇಕ ಕೌಂಟಿಗಳು ಪುಕ್ಕಟೆ ಹಿಟ್ಟು, ಕೊಬ್ಬು ಹಂಚುವುದನ್ನು ನಿಲ್ಲಿಸಿ ಫುಡ್ ಸ್ಟ್ಯಾಂಪ್‌ಗೆ ಬದಲಾದವು. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ತಲೆಗೆ ತಿಂಗಳಿಗೆ ಕನಿಷ್ಠ 2 ಡಾಲರ್. ಕೂಲಿಯೇ ಇಲ್ಲದ ಮನೆಯಲ್ಲಿ ಎಂಟು ಮಂದಿಗೆ 16 ಡಾಲರ್ ಎಲ್ಲಿಂದ ತರುವುದು? ಆ ವರ್ಷದ ಏಪ್ರಿಲ್‌ನಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಮೌಂಡ್ ಬೇಯೂ ಪಕ್ಕದ ಕ್ಲೀವ್‌ಲ್ಯಾಂಡ್ ಊರಿನ ಗುಡಿಸಲುಗಳಿಗೆ ಹೋಗಿ, ಹೊಟ್ಟೆ ಉಬ್ಬಿದ ಮಕ್ಕಳನ್ನು ನೋಡಿ ಬಂದದ್ದು ದೇಶಕ್ಕೆಲ್ಲ ಸುದ್ದಿಯಾಯಿತು.

ಗೈಗರ್ ಮತ್ತು ಸಹೋದ್ಯೋಗಿ ಡಾ. ಕೌಂಟ್ ಗಿಬ್ಸನ್ ಹಣ ತಂದದ್ದು ಅಧ್ಯಕ್ಷ ಜಾನ್ಸನ್ನರ ಬಡತನ ವಿರೋಧಿ ಯೋಜನೆಯಿಂದ, ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಅದರಲ್ಲೊಂದು ಉಪಾಯವಿತ್ತು. ಆ ಯೋಜನೆಯ ಅನುದಾನವನ್ನು ಗವರ್ನರ್ ತಡೆಹಿಡಿಯಬಹುದಿತ್ತು. ಹಣ ವಿಶ್ವವಿದ್ಯಾಲಯಕ್ಕೆ ಹೋದರೆ ಮಾತ್ರ ಅವರ ಕೈ ನಡೆಯುತ್ತಿರಲಿಲ್ಲ. ಮೊದಲ ಕೇಂದ್ರ 1965ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್‌ನಲ್ಲಿ, ಎರಡನೆಯದು 1967ರಲ್ಲಿ ಮೌಂಡ್ ಬೇಯೂನಲ್ಲಿ ತೆರೆಯಿತು. ಈ ಊರನ್ನು 1887ರಲ್ಲಿ ಕಟ್ಟಿದ್ದು ಹಿಂದೆ ಗುಲಾಮರಾಗಿದ್ದ ಐಸಾಯ ಮಾಂಟ್‌ಗೊಮರಿ ಮತ್ತು ಸಂಗಡಿಗರು. ಚಂದಾ ಎತ್ತಿ ತಮ್ಮದೇ ಆಸ್ಪತ್ರೆಯನ್ನು 1942ರಲ್ಲೇ ಕಟ್ಟಿಕೊಂಡಿದ್ದ ಸ್ವಾಭಿಮಾನದ ಊರು. ಬಾಸ್ಟನ್ನಿನ ಬಿಳಿ ವೈದ್ಯರು ಬಂದು ನಮ್ಮನ್ನು ಉದ್ಧಾರ ಮಾಡಬೇಕೇ ಎಂಬ ಮುನಿಸು ಅಲ್ಲಿಯ ಹಿರಿಯರಲ್ಲಿ ಇದ್ದರೆ ಆಶ್ಚರ್ಯವಿಲ್ಲ.

ಇನ್ನು ಚೀಟಿಯ ಕಥೆಯಲ್ಲಿ ಕಾಣೆಯಾಗುವ ಮನುಷ್ಯ: ಜಾನ್ ಹ್ಯಾಚ್. ವೈದ್ಯರಲ್ಲ, ಸಮುದಾಯ ಸಂಘಟಕ; ಸ್ವತಃ ಕಪ್ಪುಜನರಲ್ಲೊಬ್ಬರು. ಕೇಂದ್ರದ ಬಾಗಿಲು ತೆರೆಯುವ ಮುಂಚೆಯೇ ಅವರು ಚರ್ಚುಗಳಲ್ಲಿ, ಮನೆಗಳಲ್ಲಿ ಸಭೆ ಸೇರಿಸಿ ನಿಮಗೆ ಏನು ಬೇಕು ಎಂದು ಕೇಳುತ್ತ ತಿರುಗಿದರು. ಜನ ಮೊದಲು ಕೇಳಿದ್ದು ಡಾಕ್ಟರನ್ನಲ್ಲ. ಊಟ, ಕೆಲಸ, ಮನೆ. ಹ್ಯಾಚ್ ಊರೂರಿಗೆ ಆರೋಗ್ಯ ಸಂಘಗಳನ್ನು ಕಟ್ಟಿಸಿದರು. ಅವೆಲ್ಲ ಸೇರಿ ನಾರ್ತ್ ಬೊಲಿವರ್ ಕೌಂಟಿ ಹೆಲ್ತ್ ಕೌನ್ಸಿಲ್ ಆಯಿತು. ಸ್ಯಾನಿಟರಿ ಎಂಜಿನಿಯರ್ ಆ್ಯಂಡ್ರ್ಯೂ ಜೇಮ್ಸ್ ಬಾವಿ ತೋಡಿಸಿದರು, ಕಕ್ಕಸು ಕಟ್ಟಿಸಿದರು, ಕಿಟಕಿಗಳಿಗೆ ಜಾಲರಿ ಹಾಕಿಸಿದರು. ಕೇಂದ್ರದ ಹಣ ಹರಿದಾಡುವ ಖಾತೆಯನ್ನೇ ಜನ ಮೀಟುಗೋಲಾಗಿ ಬಳಸಿಕೊಂಡರು: ಮೌಂಡ್ ಬೇಯೂನಲ್ಲಿ ಶಾಖೆ ತೆರೆದು, ನಮ್ಮವರಿಗೆ ಕೆಲಸ ಕೊಟ್ಟು, ಮನೆ ಸಾಲ ಕೊಡುವ ಬ್ಯಾಂಕಿಗೆ ಈ ಖಾತೆ ಎಂದರು. ಒಂದು ಬ್ಯಾಂಕು ಬಂತು.

ಊಟದ ವಿಷಯಕ್ಕೆ ಬಂದರೆ, ಚೀಟಿ ಎಷ್ಟು ದಿನ ನಡೆದೀತು? ಹ್ಯಾಚ್ ಕೇಳಿದರು: ಹತ್ತಿ ಬೆಳೆಯಲು ಬಲ್ಲವರಿಗೆ ತರಕಾರಿ ಬೆಳೆಯಲು ಬರುವುದಿಲ್ಲವೇ? ಬಯಸಿದವರು ಹೆಸರು ಕೊಡಿ ಎಂದಾಗ ಸುಮಾರು ಸಾವಿರ ಕುಟುಂಬಗಳು ಮುಂದೆ ಬಂದವು. 1968ರಲ್ಲಿ ನಾರ್ತ್ ಬೊಲಿವರ್ ಕೌಂಟಿ ಕೃಷಿ ಸಹಕಾರ ಸಂಘ ಹುಟ್ಟಿತು. ಮೊದಲು ಕೆಲವು ಎಕರೆ, ಮುಂದೆ 400 ಎಕರೆಗೂ ಹೆಚ್ಚು. ಗೆಣಸು, ಅಲಸಂದೆ, ಬೀನ್ಸ್, ಸೊಪ್ಪು. ದುಡಿದವರಿಗೆ ಒಂದಷ್ಟು ನಗದು, ಉಳಿದದ್ದಕ್ಕೆ ಬೆಳೆದ ತರಕಾರಿ. ಬೇರೆಯವರ ಹೊಲದಲ್ಲಿ ತಿನ್ನಲಾಗದ ಬೆಳೆ ಬೆಳೆದು ಬೆನ್ನು ಬಗ್ಗಿಸಿದ ಜನ ತಮ್ಮ ಹೊಲದಲ್ಲಿ ತಮ್ಮ ಊಟ ಬೆಳೆದರು. ಮುಂದೆ ಈ ಸಂಘವನ್ನು ನಡೆಸಿದ ಎಲ್.ಸಿ. ಡಾರ್ಸಿ ಕೋರುಪಾಲಿನವರ ಮಗಳು. ಆಮೇಲೆ ಡಾಕ್ಟರೇಟ್ ಪಡೆದು ಅದೇ ಆರೋಗ್ಯ ಕೇಂದ್ರದ ಮುಖ್ಯಸ್ಥೆಯಾದರು. ಭಾಷಣಗಳಲ್ಲಿ ಯಾರಾದರೂ ಡಾರ್ಸಿಯ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳಬಹುದು, ಏಕೆಂದರೆ ಎಲ್ಲ ಕಡೆ ನಡೆಯುವುದೇ ಇಲ್ಲೂ ನಡೆಯಿತು. ನಿಕ್ಸನ್ ಕಾಲದಲ್ಲಿ ಬಡತನ ವಿರೋಧಿ ಕಚೇರಿಯನ್ನು ಕಳಚಿ, ಆರೋಗ್ಯ ಕೇಂದ್ರಗಳನ್ನು ಆರೋಗ್ಯ ಇಲಾಖೆಗೆ ಒಪ್ಪಿಸಿದರು. ಇಲಾಖೆಗೆ ಬೇಕಾದದ್ದು ರೋಗಿಗಳ ಭೇಟಿಯ ಲೆಕ್ಕ. ಒಂದು ಭೇಟಿಗೆ ಇಷ್ಟು ಎಂದು ವಿಮೆ ಹಣ ಕೊಡುತ್ತದೆ. ಬಾವಿಗೆ, ಹೊಲಕ್ಕೆ ಕೊಡುವುದಿಲ್ಲ. ಸಹಕಾರ ಸಂಘ ಸೊರಗಿತು. ಆರೋಗ್ಯ ಕೇಂದ್ರಗಳು ಬೆಳೆದವು: ಅಮೆರಿಕದಲ್ಲಿ ಈಗ ಸುಮಾರು 3 ಕೋಟಿ ಜನ ಇಂಥ ಕೇಂದ್ರಗಳನ್ನು ಆಶ್ರಯಿಸಿದ್ದಾರೆ. ದೊಡ್ಡ ಗೆಲುವೇ, ಅಲ್ಲ ಎನ್ನುವುದಿಲ್ಲ.

ಚೀಟಿಯೂ ಬೆಳೆಯಿತು. 1972ರಲ್ಲಿ ಮಂಜೂರಾಗಿ 1974ರಲ್ಲಿ ಕೆಂಟಕಿಯ ಪೈನ್‌ವಿಲ್‌ನಲ್ಲಿ ಮೊದಲ ಕೇಂದ್ರ ತೆರೆದ ‘ವಿಕ್’ ಯೋಜನೆ ಬಸುರಿ, ಬಾಣಂತಿ, ಎಳೆಯ ಮಕ್ಕಳ ತೂಕ, ರಕ್ತ ಪರೀಕ್ಷಿಸಿ, ಪೌಷ್ಟಿಕತೆಯ ಪಾಠ ಹೇಳಿ, ಹಾಲು, ಮೊಟ್ಟೆ ಕೊಡಿಸುತ್ತದೆ. ಫುಡ್ ಸ್ಟ್ಯಾಂಪಿಗೆ ದುಡ್ಡು ಕೊಡುವ ನಿಯಮವನ್ನೂ 1977ರ ಕಾನೂನು ತೆಗೆದುಹಾಕಿತು. ನಮ್ಮಲ್ಲಿ 1975ರ ಅಕ್ಟೋಬರ್ 2ರಂದು, ಟಿ. ನರಸೀಪುರವೂ ಸೇರಿದಂತೆ 33 ಬ್ಲಾಕುಗಳಲ್ಲಿ ಶುರುವಾದ ಐಸಿಡಿಎಸ್‌ನ ಅಂಗನವಾಡಿಯನ್ನು ಬಲ್ಲವರಿಗೆ ಈ ಮೂರೂ ಪರಿಚಿತ: ತಕ್ಕಡಿ, ಪಾಠ, ಪೂರಕ ಆಹಾರ. ತಟ್ಟೆಗೆ ಏನು ಬರಬೇಕೆಂಬ ತೀರ್ಮಾನ ಎರಡೂ ಕಡೆ ಮೇಲಿನಿಂದಲೇ ಇಳಿಯುತ್ತದೆ. ಬಿಸಿಯೂಟಕ್ಕೆ ಮೊಟ್ಟೆ ಬೇಕೇ ಬೇಡವೇ ಎಂದು 2021ರಲ್ಲಿ ಕರ್ನಾಟಕದಲ್ಲಿ ಎದ್ದ ಗದ್ದಲವನ್ನು ನೆನಪಿಸಿಕೊಳ್ಳಿ: ಮಠಾಧೀಶರ ಮಾತು ಮುಖಪುಟಕ್ಕೆ ಬಂತು, ತಾಯಂದಿರದು ಎಲ್ಲೋ ಒಳಪುಟದಲ್ಲಿ.

ಈಚೆಗೆ ಅಮೆರಿಕದಲ್ಲಿ ‘ಆಹಾರವೇ ಔಷಧ’ ಎಂಬ ಹೊಸ ಅಲೆ ಎದ್ದಿದೆ. ತರಕಾರಿ ಚೀಟಿಗೆ 2018ರ ಕೃಷಿ ಕಾನೂನಿನಲ್ಲೇ ಹಣವಿದೆ, ವಿಮಾ ಯೋಜನೆಗಳೂ ಪ್ರಯೋಗ ನಡೆಸುತ್ತಿವೆ, ಸಮ್ಮೇಳನಗಳು ಜೋರಾಗಿವೆ. ಗೈಗರ್ ಮಾತು ಪರದೆಯ ಮೇಲೆ ಮೂಡುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಗೈಗರ್ ಇದ್ದಿದ್ದರೆ ಅವರೇ ಮುಜುಗರಪಡುತ್ತಿದ್ದರೇನೋ. ಹ್ಯಾಚ್ ಹೆಸರನ್ನು ಅವರು ಯಾವತ್ತೂ ಮುಚ್ಚಿಟ್ಟವರಲ್ಲ. ಹಸಿದವರಿಗೆ ಊಟವೇ ಮದ್ದು ಎನ್ನುವುದು 1915ರಲ್ಲೇ, ಮಿಸಿಸಿಪ್ಪಿಯ ಜೈಲಿನಲ್ಲೇ ತೀರ್ಮಾನವಾದ ವಿಷಯ. ಅದನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಂಡುಹಿಡಿಯಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾರಿಗೂ ನಷ್ಟವಿಲ್ಲ. ಆ ಊಟ ಬೆಳೆಯುವ ಜಮೀನು ಯಾರ ಹೆಸರಿನಲ್ಲಿರಬೇಕು ಎಂದು ಕೇಳಿದ ಸಾವಿರ ಕುಟುಂಬಗಳ ಪ್ರಶ್ನೆಗೆ ಮಾತ್ರ ಯಾವ ಸಮ್ಮೇಳನದಲ್ಲೂ ಒಂದು ಗೋಷ್ಠಿ ಇಟ್ಟ ಹಾಗಿಲ್ಲ. ಇಟ್ಟರೆ ಚಪ್ಪಾಳೆ ಅಷ್ಟು ಜೋರಾಗಿ ಬೀಳಲಾರದು.