ಹರಿದ ಹಾಳೆ, ಉದುರಿದ ಎಲೆ

ಹಳೆಯ ಕ್ಯಾಲೆಂಡರ್, ಮದುವೆಯ ಕರೆಯೋಲೆ, ಪುಸ್ತಕದ ನಡುವೆ ಒಣಗಿದ ಎಲೆ, ಸಿನಿಮಾ ಪತ್ರಿಕೆಯ ಮಾಸಿದ ಪುಟ. ಸಹೋದರಿಯರೇ, ನೀವು ರದ್ದಿಗೆ ಹಾಕುವ ಇವೆಲ್ಲ ಕೊಲಾಜ್ ಕಲೆಯ ಬಂಡವಾಳ. ಕತ್ತರಿಸಿ, ಅಂಟಿಸಿ, ಮೇಲೆ ಬಣ್ಣವನ್ನೋ ದಾರವನ್ನೋ ಸೇರಿಸಿ ಚಿತ್ರ ಕಟ್ಟುವುದೇ ಕೊಲಾಜ್.

1912ರಲ್ಲಿ ಪಿಕಾಸೊ ಮತ್ತು ಬ್ರಾಕ್ ಇದನ್ನು ಆಧುನಿಕ ಕಲೆಯೊಳಗೆ ತಂದರು. ಆದರೆ ಅದಕ್ಕೂ 140 ವರ್ಷ ಮೊದಲೇ ಇಂಗ್ಲೆಂಡಿನ ಮೇರಿ ಡಿಲೇನಿ ಎಂಬ ವಿಧವೆ ತನ್ನ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸಿ ಹೂಗಳನ್ನು ಮಾಡತೊಡಗಿದ್ದಳು. ದೃಷ್ಟಿ ಮಂದವಾಗುವ ತನಕ ಆಕೆ ಮಾಡಿದ ಸಾವಿರಕ್ಕೆ ಸಮೀಪದ ಹೂಚಿತ್ರಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?' ಎನ್ನುವವರಿಗೆ ಇಷ್ಟು ಉತ್ತರ ಸಾಕು.

ದೂರ ಯಾಕೆ, 17ನೇ ಶತಮಾನದಲ್ಲಿ ಆದಿಲ್‌ಶಾಹಿಗಳ ಬಿಜಾಪುರದ ಕಲಾವಿದರು ನೀರಿನ ಮೇಲೆ ಬಣ್ಣ ತೇಲಿಸಿ, ಅದನ್ನು ಕಾಗದಕ್ಕೆ ಇಳಿಸಿ, ಆ ಅಲೆಗಳಲ್ಲೇ ಬಡಕಲು ಕುದುರೆಯನ್ನೂ ಫಕೀರನನ್ನೂ ಮೂಡಿಸಿದರು. ಮೊಘಲರ 'ಮುರಕ್ಕಾ' ಆಲ್ಬಮ್‌ಗಳಲ್ಲಂತೂ ಸುಂದರ ಕೈಬರಹದ ತುಣುಕುಗಳನ್ನು ಅಂಟಿಸಿ ಸುತ್ತಲೂ ಹೂಬಳ್ಳಿ ಬರೆಯುತ್ತಿದ್ದರು.

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆಯ ಓದುಗರಿಗೆ ಸಾಮಗ್ರಿ ಮನೆಯ ಹೊಸ್ತಿಲಲ್ಲೇ ಇದೆ. ಪುಟ್‌ಪಾತಿನಲ್ಲಿ ಬಿದ್ದ ಎಲೆ, ತೊಗಟೆ ಆರಿಸಿಕೊಳ್ಳಿ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್‌ಗೆ ಹೋದರೆ ಮಾತ್ರ ಕಣ್ಣಲ್ಲೇ ತುಂಬಿಕೊಂಡು ಬನ್ನಿ, ಗಿಡಕ್ಕೆ ಕೈ ಹಾಕಬೇಡಿ! ಎಲೆಗಳನ್ನು ಪತ್ರಿಕೆಯ ನಡುವೆ ಭಾರವಿಟ್ಟು, ಕಾಗದ ಬದಲಿಸುತ್ತಾ ಹತ್ತು ದಿನ ಒಣಗಿಸಿ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಅಂಟನ್ನು ತೆಳ್ಳಗೆ ಹಚ್ಚಿ, ಇಲ್ಲದಿದ್ದರೆ ಕಾಗದ ಸುಕ್ಕಾಗುತ್ತದೆ.

ಇನ್ನು ಹಳೆಯ ಸಿನಿಮಾ. ಆ ಮಾತು ಬಂದೊಡನೆ ಕೆಲವು ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುತ್ತದೆ, ಗೋಡೆಯ ಮೇಲೆ ನಟಿಯರ ಮುಖ ಬೇಡವೆಂದು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಹಳೆಯ ಪೋಸ್ಟರ್‌ನ ಸೊಬಗು ಮುಖದಲ್ಲಷ್ಟೇ ಇದೆಯೇ? ಕೈಯಿಂದ ಬರೆದ ದಪ್ಪ ಅಕ್ಷರ, ಸಂಜೆಯ ಕೆಂಪು ಆಕಾಶ, ಟಿಕೆಟ್ಟಿನ ಗುಲಾಬಿ ಚೂರು ಇವು ಸಾಲದೇ? ಚಿತ್ರಕಾರ ಎಂ.ಎಫ್. ಹುಸೇನ್ ಕೂಡಾ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು. ಫ್ಲೆಕ್ಸ್ ಬಂದ ಮೇಲೆ ಆ ಕೈಗೆಲಸ ಬಹುತೇಕ ಮರೆಯಾಯಿತು. ಆದ್ದರಿಂದ ಅಜ್ಜನ ಪೆಟ್ಟಿಗೆಯಲ್ಲಿ ಅಂಥ ಕಾಗದ ಸಿಕ್ಕರೆ ಮೂಲಕ್ಕೆ ಕತ್ತರಿ ಹಾಕಬೇಡಿ; ಕಲರ್ ಝೆರಾಕ್ಸ್ ಮಾಡಿಸಿ ಅದನ್ನು ಕತ್ತರಿಸಿ.

ಮದುವೆಯ ಕಾಗದದಲ್ಲಿ ಬಿಸ್ಮಿಲ್ಲಾಹ್ ಅಥವಾ ಕುರ್‌ಆನ್ ವಚನವಿದ್ದರೆ ಆ ಭಾಗವನ್ನು ಮೊದಲೇ ಬೇರ್ಪಡಿಸಿ ಗೌರವದಿಂದ ತೆಗೆದಿಡಿ. ಕತ್ತರಿಸಿದ ಚೂರು ಕಾಲಡಿಗೆ ಬೀಳುವ ಕೆಲಸವಿದು.

ನಾಲ್ಕು ಚಿತ್ರ ಕೈಗೂಡಿದ ಮೇಲೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೊಮ್ಮೆ ಹೋಗಿ ಬನ್ನಿ. ಈ ಸಂತೆಯಲ್ಲಿ ಕಲಾವಿದರು ರಸ್ತೆಬದಿಯಲ್ಲೇ ಕುಳಿತು ಮಾರುತ್ತಾರೆ. ಬೆಲೆ ಕೇಳಲು ಸಂಕೋಚ ಬೇಡ.