ಮಕ್ಕಳ ಇಸಬು: ಗಾಳಿ, ನೀರು, ದೂಳಿನ ಪಾತ್ರವೇನು?

ಬೆಂಗಳೂರು: ಸಂಕ್ರಾಂತಿಯ ಆಸುಪಾಸಿನಲ್ಲಿ ಚಳಿಯ ಜೊತೆಗೆ ಒಣಹವೆ ಕಾಲಿಡುತ್ತಿದ್ದಂತೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂತಹ ಹಳೆಯ ಬಡಾವಣೆಗಳ ಹಲವು ಮನೆಗಳಲ್ಲಿ ಎಳೆಯ ಮಕ್ಕಳು ರಾತ್ರಿಯಿಡೀ ಮೈ ಕೆರೆದುಕೊಳ್ಳತೊಡಗುತ್ತಾರೆ. ಕೆನ್ನೆ, ಮೊಣಕೈ ಮಡಿಕೆ, ಮೊಣಕಾಲಿನ ಹಿಂಬದಿಯ ಚರ್ಮ ಒರಟಾಗಿ ಒಡೆಯುತ್ತದೆ. ಕೆಲವೊಮ್ಮೆ ನೀರು ಒಸರುತ್ತದೆ. ಮನೆಯ ಹಿರಿಯರು ‘ರಕ್ತ ಕೆಟ್ಟಿದೆ’ ಎನ್ನುತ್ತಾರೆ. ನೆರೆಯವರು ‘ಬದನೆಕಾಯಿ, ಮೊಟ್ಟೆ ಬಿಡಿಸಿ’ ಎಂದು ಸಲಹೆ ಕೊಡುತ್ತಾರೆ. ಶಾಲೆಯಲ್ಲಿ ಪಕ್ಕದ ಮಗು ಕಜ್ಜಿ ಅಂಟೀತೆಂದು ದೂರ ಸರಿದು ಕೂರುತ್ತದೆ.

ಈ ಮೂರೂ ನಂಬಿಕೆಗಳು ಮಗುವಿನ ಸಂಕಟವನ್ನು ಹೆಚ್ಚಿಸುತ್ತವೆ. ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎಂದು ಕರೆಯುವ ಇಸಬು ಅಂಟುರೋಗವಲ್ಲ. ಕೊಳಕಿನಿಂದ ಬರುವುದೂ ಅಲ್ಲ. ಹುಟ್ಟಿನಿಂದಲೇ ದುರ್ಬಲವಾಗಿರುವ ಚರ್ಮ ಮತ್ತು ಮಗುವಿನ ಸುತ್ತಲಿನ ಪರಿಸರ, ಇವೆರಡೂ ಎದುರುಬದುರಾದಾಗ ಕಾಣಿಸಿಕೊಳ್ಳುವ ತೊಂದರೆ ಇದು. ಚರ್ಮದ ಗುಣವನ್ನು ಬದಲಿಸಲಾಗದು, ಆದರೆ ಪರಿಸರದ ಬಹುಪಾಲು ಪೋಷಕರ ಕೈಯಲ್ಲಿಯೇ ಇದೆ.

ದುರ್ಬಲ ಗೋಡೆ

ಚರ್ಮದ ಹೊರಪದರ ಇಟ್ಟಿಗೆಯ ಗೋಡೆಯಿದ್ದಂತೆ. ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಕೊಬ್ಬಿನಂಶವೇ ಗಾರೆ. ಈ ಗೋಡೆಯನ್ನು ಭದ್ರವಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸಬಿನ ಸಾಧ್ಯತೆ ಹೆಚ್ಚು ಎಂಬುದನ್ನು 2006ರಲ್ಲಿ ಸ್ಕಾಟ್ಲೆಂಡ್‌ನ ಡಂಡಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಬಿರುಕಿನ ಮೂಲಕ ಒಳಗಿನ ತೇವ ಹೊರಹೋಗುತ್ತದೆ. ಹೊರಗಿನ ದೂಳು, ಸೋಪು, ರೋಗಾಣು ಒಳಬರುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಅವುಗಳ ಮೇಲೆ ತಿರುಗಿಬಿದ್ದಾಗ ಉರಿ, ನವೆ ಶುರುವಾಗುತ್ತವೆ. ಕೆರೆದಷ್ಟೂ ಗೋಡೆ ಮತ್ತಷ್ಟು ಒಡೆಯುತ್ತದೆ.

ವಂಶವಾಹಿಗಳು ಒಂದೆರಡು ತಲೆಮಾರಿನಲ್ಲಿ ಬದಲಾಗುವಂಥವಲ್ಲ. ಆದರೆ ರೋಗದ ಪ್ರಮಾಣ ಊರಿನಿಂದ ಊರಿಗೆ, ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಐಸಾಕ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಮೂರನೆಯ ಹಂತದಲ್ಲಿ 60 ದೇಶಗಳ 6–7 ವರ್ಷದ 3.85 ಲಕ್ಷ ಮಕ್ಕಳ ಮಾಹಿತಿ ಕಲೆಹಾಕಲಾಯಿತು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಇಸಬಿನ ಪ್ರಮಾಣ ಭಾರತದ ಒಂದು ಕೇಂದ್ರದಲ್ಲಿ ಶೇ 0.9ರಷ್ಟಿದ್ದರೆ, ಈಕ್ವೆಡಾರ್‌ನಲ್ಲಿ ಶೇ 22.5ರವರೆಗೆ ಇತ್ತು. ಇಷ್ಟು ದೊಡ್ಡ ಅಂತರಕ್ಕೆ ವಂಶವಾಹಿಯೊಂದೇ ಕಾರಣವಾಗಲಾರದು.

ಇಸಬು ಇರುವ ಮಕ್ಕಳಲ್ಲಿ ಹಲವರಿಗೆ ಮುಂದೆ ಉಬ್ಬಸ ಬರುವುದುಂಟು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ 20,000 ಮಕ್ಕಳನ್ನು ಒಳಗೊಂಡು ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಉಬ್ಬಸದ ಪ್ರಮಾಣ ಶೇ 9ರಿಂದ ಶೇ 29.5ಕ್ಕೆ ಏರಿತ್ತು. ಒಂದೇ ಅಲರ್ಜಿ ಕುಟುಂಬಕ್ಕೆ ಸೇರಿದ ಕಾಯಿಲೆಯೊಂದು ನಗರ ಬೆಳೆದ ಇಪ್ಪತ್ತು ವರ್ಷಗಳಲ್ಲಿ ಮೂರು ಪಟ್ಟಿಗೂ ಹೆಚ್ಚಾದದ್ದು ಗಮನಾರ್ಹ.

ಗಾಳಿ–ಬೆಳಕಿನ ಬಡಾವಣೆಗಳು

ಈ ಬಡಾವಣೆಗಳು ಹುಟ್ಟಿದ್ದೇ ಆರೋಗ್ಯದ ಕಾಳಜಿಯಿಂದ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗ್ ಮಾರಿ ಇಕ್ಕಟ್ಟಿನ ಪೇಟೆಯನ್ನು ನಡುಗಿಸಿದ ಮೇಲೆ ಜನ ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳಿಗೆ, ಹಿತ್ತಿಲಿರುವ ಮನೆಗಳಿಗೆ ಬಂದು ನೆಲೆಸಿದರು. ಅಂದಿನ ಶತ್ರು ಸೋಂಕು. ಅದಕ್ಕೆ ಉತ್ತರ ಸ್ವಚ್ಛತೆ, ಗಾಳಿ ಮತ್ತು ಬೆಳಕು.

ಇಂದಿನ ಚಿತ್ರ ಬೇರೆ. ಹಂಚಿನ ಮನೆ, ಅಂಗಳ, ಹಿತ್ತಿಲುಗಳ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಮಣ್ಣಿನಲ್ಲಿ ಆಡುವ, ಹಲವು ಅಣ್ಣತಮ್ಮಂದಿರ ನಡುವೆ ಬೆಳೆಯುವ ಬಾಲ್ಯ ವಿರಳವಾಗಿದೆ. 17,000ಕ್ಕೂ ಹೆಚ್ಚು ಬ್ರಿಟಿಷ್ ಮಕ್ಕಳ ಮಾಹಿತಿ ಪರಿಶೀಲಿಸಿದ ಡೇವಿಡ್ ಸ್ಟ್ರಾಚನ್ ಅವರು, ಹಿರಿಯ ಒಡಹುಟ್ಟಿದವರು ಹೆಚ್ಚಿರುವ ಮಕ್ಕಳಲ್ಲಿ ಪರಾಗದ ಅಲರ್ಜಿ ಮತ್ತು ಇಸಬು ಕಡಿಮೆ ಎಂದು 1989ರಲ್ಲಿ ಬರೆದರು. ಎಳವೆಯಲ್ಲಿ ನಾನಾ ಬಗೆಯ ನಿರುಪದ್ರವಿ ಸೂಕ್ಷ್ಮಜೀವಿಗಳ ಪರಿಚಯವಾಗದಿದ್ದರೆ ದೇಹದ ರಕ್ಷಣಾ ವ್ಯವಸ್ಥೆ ಹಾದಿ ತಪ್ಪಬಹುದು ಎಂಬ ವಾದಕ್ಕೆ ಇದು ನಾಂದಿಯಾಯಿತು. ಕೈ ತೊಳೆಯುವುದನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಮಗುವನ್ನು ಮಣ್ಣು, ಗಿಡಮರಗಳಿಂದ ದೂರವಿಡುವ ಅಗತ್ಯವಿಲ್ಲ ಎಂದಷ್ಟೇ.

ಹೊಗೆಯ ಪಾಲು

ಮೈಸೂರು ರಸ್ತೆ, ಕೆ.ಆರ್. ರಸ್ತೆ, ಸಂಪಿಗೆ ರಸ್ತೆಗಳಲ್ಲಿ ವಾಹನಗಳ ಸಾಲು ಮುಗಿಯುವುದೇ ಇಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ಸುಮಾರು 3,000 ಮಕ್ಕಳನ್ನು ಆರು ವರ್ಷದವರೆಗೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಟ್ಟಣೆಯ ರಸ್ತೆಯಿಂದ 50 ಮೀಟರ್ ಒಳಗೆ ವಾಸಿಸುವ ಮಕ್ಕಳಿಗೆ ಅಲರ್ಜಿ ಕಾಯಿಲೆಗಳ ಅಪಾಯ ಹೆಚ್ಚಿರುವುದು ಕಂಡುಬಂತು. ಗಾಳಿಯಲ್ಲಿನ ಪಿಎಂ 2.5 ಸೂಕ್ಷ್ಮ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. 2009ರ ಭಾರತೀಯ ಮಾನದಂಡ 40. ‘ಮಿತಿಯೊಳಗಿದೆ’ ಎಂಬ ಮಾತನ್ನು ಕೇಳಿದಾಗ ಯಾವ ಮಿತಿ ಎಂದು ವಿಚಾರಿಸುವುದು ಒಳಿತು.

ಮನೆಯೊಳಗಿನ ಹೊಗೆಯೂ ಕಡಿಮೆಯದಲ್ಲ. ತಂಬಾಕಿನ ಹೊಗೆಗೂ ಇಸಬಿಗೂ ನಂಟಿರುವುದನ್ನು 86 ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆ ತೋರಿಸಿದೆ. ಊದುಬತ್ತಿ, ಧೂಪ, ಸೊಳ್ಳೆಬತ್ತಿಗಳೂ ಕಣಗಳನ್ನು ಹೊರಸೂಸುತ್ತವೆ. ಸುಟ್ಟ ಪ್ರತಿ ಗ್ರಾಮಿಗೆ ಊದುಬತ್ತಿ ಸಿಗರೇಟಿಗಿಂತ ಹೆಚ್ಚು ಕಣಗಳನ್ನು ಬಿಡುತ್ತದೆ. ಎಣ್ಣೆ ನೀರಿನ ನಂತರ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವ ಬಾಣಂತನದ ಪದ್ಧತಿಯನ್ನು ಇಸಬು ಅಥವಾ ಉಬ್ಬಸದ ಹಿನ್ನೆಲೆಯಿರುವ ಕುಟುಂಬಗಳು ಕೈಬಿಡುವುದೇ ಲೇಸು. ದೇವರ ಕೋಣೆಯ ಕಿಟಕಿ ತೆರೆದಿಟ್ಟರೂ ವ್ಯತ್ಯಾಸವಾಗುತ್ತದೆ.

ನೀರು ಮತ್ತು ಸ್ನಾನ

ನಗರಕ್ಕೆ ಕಾವೇರಿ ನೀರು ಬಂದದ್ದು 1974ರಲ್ಲಿ. ನದಿಯ ನೀರಿಗಿಂತ ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಬೇಸಿಗೆಯಲ್ಲಿ ನಲ್ಲಿ ನೀರು ಸಾಲದಾದಾಗ ಕೊಳವೆ ಬಾವಿ, ಟ್ಯಾಂಕರ್ ನೀರು ಸಂಪಿಗೆ ಸೇರುತ್ತದೆ. 2024ರ ಬೇಸಿಗೆಯ ನೀರಿನ ಬವಣೆಯನ್ನು ನಗರ ಮರೆತಿಲ್ಲ. ಬ್ರಿಟನ್‌ನಲ್ಲಿ 1,303 ಶಿಶುಗಳನ್ನು ಪರೀಕ್ಷಿಸಿದ 2016ರ ಅಧ್ಯಯನ, ಗಡಸು ನೀರಿನ ಪ್ರದೇಶದ ಮೂರು ತಿಂಗಳ ಕೂಸುಗಳಲ್ಲಿ ಇಸಬು ಹೆಚ್ಚೆಂದು ಹೇಳಿತು. ಹಾಗೆಂದು ದುಬಾರಿ ಯಂತ್ರ ಕೊಳ್ಳಲು ಓಡಬೇಕಿಲ್ಲ. ಇಸಬು ಇರುವ 336 ಮಕ್ಕಳ ಮನೆಗಳನ್ನು ಒಳಗೊಂಡ 2011ರ ಪ್ರಯೋಗದಲ್ಲಿ, ನೀರು ಮೆದುಗೊಳಿಸುವ ಯಂತ್ರದಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

ನಿಜವಾದ ವ್ಯತ್ಯಾಸ ಸ್ನಾನದ ಕ್ರಮದಲ್ಲಿದೆ. ಹಂಡೆಯ ಸುಡುನೀರು ಚರ್ಮದ ಕೊಬ್ಬನ್ನು ಕರಗಿಸುತ್ತದೆ. ಸಾಮಾನ್ಯ ಸೋಪು ಕ್ಷಾರೀಯ. ಆರೋಗ್ಯವಂತ ಚರ್ಮ ತುಸು ಆಮ್ಲೀಯ. ಸೀಗೆಕಾಯಿ, ಕಡಲೆಹಿಟ್ಟುಗಳಿಂದ ಗಟ್ಟಿಯಾಗಿ ಉಜ್ಜುವುದೂ ಒಡೆದ ಚರ್ಮಕ್ಕೆ ಹಿತವಲ್ಲ.

ಹಾಸಿಗೆ, ದೂಳು, ಕಳೆ

ಹತ್ತಿ ಹಾಸಿಗೆ, ದಿಂಬುಗಳಲ್ಲಿ ಕಣ್ಣಿಗೆ ಕಾಣದ ದೂಳು ನುಸಿಗಳು ವಾಸಿಸುತ್ತವೆ. ಹಿಂದೆ ಹಾಸಿಗೆಗಳನ್ನು ತಾರಸಿಯ ಮೇಲೆ ಬಿಸಿಲಿಗೆ ಹಾಕುವುದು ವಾಡಿಕೆಯಾಗಿತ್ತು. ಫ್ಲ್ಯಾಟುಗಳಲ್ಲಿ ಅದಕ್ಕೆ ಜಾಗವಿಲ್ಲ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿದರೆ ನುಸಿ ಕಡಿಮೆಯಾಗುತ್ತದೆ. ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಜನ ‘ಕಾಂಗ್ರೆಸ್ ಗಿಡ’ ಎನ್ನುವ ಕಳೆ, ಚರ್ಮದ ಅಲರ್ಜಿಗೆ ಕುಖ್ಯಾತ. ಅದನ್ನು ಮೇಯುವ ಮೆಕ್ಸಿಕೊ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತಾದರೂ ಕಳೆ ಪೂರ್ತಿ ಅಳಿದಿಲ್ಲ.

ಊಟ ಬಿಡಿಸಬೇಕೆ?

ಕೆಲವು ಮಕ್ಕಳಲ್ಲಿ, ಮುಖ್ಯವಾಗಿ ತೀವ್ರ ಇಸಬು ಇರುವ ಶಿಶುಗಳಲ್ಲಿ, ಆಹಾರದ ಅಲರ್ಜಿಯೂ ಇರುತ್ತದೆ. ಆದರೆ ಪರೀಕ್ಷೆಯಿಲ್ಲದೆ ಹಾಲು, ಮೊಟ್ಟೆ, ಬೇಳೆ ಬಿಡಿಸುವುದರಿಂದ ಬೆಳೆಯುವ ಮಗು ಸೊರಗುತ್ತದೆ. ಕಡಲೆಕಾಯಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಕಾರ್ತಿಕದ ಕೊನೆಯ ಸೋಮವಾರ ಪರಿಷೆ ನಡೆಸುವ ಬಸವನಗುಡಿಗೆ ಇದು ಆಪ್ತವೂ ಹೌದು. ಅಲರ್ಜಿ ತಪ್ಪಿಸಲು ಕೂಸುಗಳಿಗೆ ಕಡಲೆಕಾಯಿ ಕೊಡಬಾರದೆಂದು ಪಾಶ್ಚಾತ್ಯ ದೇಶಗಳಲ್ಲಿ ಹೇಳಲಾಗುತ್ತಿತ್ತು. ಲಂಡನ್ನಿನಲ್ಲಿ ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳ ಮೇಲೆ ನಡೆದ ಪ್ರಯೋಗ 2015ರಲ್ಲಿ ಈ ಸಲಹೆಯನ್ನು ತಲೆಕೆಳಗು ಮಾಡಿತು: ಎಳವೆಯಿಂದಲೇ ತಿಂದವರಲ್ಲಿ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆಯಾಗಿತ್ತು. ಬಾಯಿಯ ಮೂಲಕ ಹೋದ ಆಹಾರವನ್ನು ದೇಹ ಒಪ್ಪಿಕೊಳ್ಳುತ್ತದೆ. ಒಡೆದ ಚರ್ಮದ ಮೂಲಕ ನುಸುಳಿದ್ದನ್ನು ಶತ್ರುವೆಂದು ಬಗೆಯುತ್ತದೆ. ತೀವ್ರ ಇಸಬು ಇರುವ ಕೂಸಿಗೆ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುವುದರಿಂದ ನುಣ್ಣಗೆ ಅರೆದೇ ಕೊಡಬೇಕು.

ಪೋಷಕರ ಗಮನಕ್ಕೆ

* ಉಗುರು ಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ ಸಾಕು. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮೊದಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಬೇಕು.

* ತೆಂಗಿನೆಣ್ಣೆ ನಿಷ್ಪ್ರಯೋಜಕವಲ್ಲ. 117 ಮಕ್ಕಳ ಮೇಲೆ ಫಿಲಿಪ್ಪೀನ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಶುದ್ಧ ತೆಂಗಿನೆಣ್ಣೆ ಖನಿಜ ತೈಲಕ್ಕಿಂತ ಉತ್ತಮ ಫಲ ನೀಡಿತು. ಆಲಿವ್ ಎಣ್ಣೆ ಚರ್ಮದ ತಡೆಯನ್ನು ಸಡಿಲಿಸುತ್ತದೆ.

* ಉಣ್ಣೆ, ನೈಲಾನ್ ಬದಲು ಮೆತ್ತನೆಯ ಹತ್ತಿ ಬಟ್ಟೆ ತೊಡಿಸಿ; ಉಗುರು ಕತ್ತರಿಸಿ.

* ಕಂದು ಮೈಬಣ್ಣದಲ್ಲಿ ಇಸಬು ಕೆಂಪಾಗಿ ಕಾಣದೆ ಕಪ್ಪಾಗಿ, ಬೂದುಬಣ್ಣವಾಗಿ ಕಾಣಬಹುದು. ಕೀವು, ಜ್ವರ ಕಂಡರೆ ತಡಮಾಡಬಾರದು.

* ಔಷಧ ಅಂಗಡಿಯವರು ಕೊಡುವ ‘ಮಿಶ್ರ ಮುಲಾಮು’ ಬೇಡ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಬಿಗಿ ಮಾಡಿತು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಹಚ್ಚುವ ಸೌಮ್ಯ ಸ್ಟೀರಾಯ್ಡ್‌ಗೆ ಹೆದರಬೇಕಿಲ್ಲ.

ಮುಲಾಮು ಹಚ್ಚಿ ರೋಗ ಬಾರದಂತೆಯೇ ತಡೆಯಬಹುದೇ ಎಂದು ಬ್ರಿಟನ್‌ನಲ್ಲಿ 1,394 ನವಜಾತ ಶಿಶುಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗ ಫಲ ಕೊಡಲಿಲ್ಲ. ಆದ್ದರಿಂದ ಇಸಬು ಬಂದಿತೆಂದು ಯಾವ ತಾಯಿಯೂ ತನ್ನನ್ನು ಹಳಿದುಕೊಳ್ಳಬೇಕಿಲ್ಲ. ಬಹುತೇಕ ಮಕ್ಕಳಲ್ಲಿ ಬೆಳೆದಂತೆ ಇದು ತಗ್ಗುತ್ತದೆ. ಅಲ್ಲಿಯವರೆಗೆ ಮಗುವಿಗೆ ಬೇಕಾದದ್ದು ಹೊಗೆಯಿಲ್ಲದ ಕೋಣೆ, ತೇವ ಕಾಯ್ದುಕೊಂಡ ಚರ್ಮ, ತುಂಬಿದ ತಟ್ಟೆ. ಮತ್ತು ಶಾಲೆಯ ಬೆಂಚಿನಲ್ಲಿ ಅಂಜದೆ ಪಕ್ಕದಲ್ಲಿ ಕೂರುವ ಗೆಳೆಯ.