ಸೋದರತ್ವದ ಮಾತು, ಬಣ್ಣದ ಗೋಡೆ

ಫ್ರೀಮೇಸನ್ ಎಂಬ ಸೋದರ ಸಂಘದ ಶಾಖೆಗಳಾದ ಲಾಡ್ಜ್‌ಗಳಲ್ಲಿ ಬಣ್ಣ, ಧರ್ಮ ಯಾವುದನ್ನೂ ಕೇಳುವುದಿಲ್ಲ, ಒಳಗೆ ಬಂದವರೆಲ್ಲ ಸೋದರರು ಎಂದು ನಂಬಿರುವವರು ಬಹಳ. ತತ್ವವೇನೋ ಅದೇ. ಅಮೆರಿಕದಲ್ಲಿ ನಡೆದದ್ದು ಬೇರೆ. ಸ್ವಾತಂತ್ರ್ಯ ಯುದ್ಧದ ಆಸುಪಾಸಿನ ಕಾಲದಲ್ಲಿ ಬಾಸ್ಟನ್ನಿನ ಪ್ರಿನ್ಸ್ ಹಾಲ್ ಎಂಬವನಿಗೂ ಅವನ ಜೊತೆಯ ಇತರ 14 ಮಂದಿ ಕಪ್ಪು ಜನರಿಗೂ ದೀಕ್ಷೆ ಸಿಕ್ಕಿದ್ದು ಅಲ್ಲಿನ ಬಿಳಿಯ ನೆರೆಹೊರೆಯವರ ಲಾಡ್ಜ್‌ನಲ್ಲಲ್ಲ. ಬ್ರಿಟಿಷ್ ಪಡೆಗೆ ಸೇರಿದ ಐರಿಷ್ ಲಾಡ್ಜ್‌ನಲ್ಲಿ.

ಅವರು ಮುಂದೆ ತಾವೇ ಕಟ್ಟಿದ ಆಫ್ರಿಕನ್ ಲಾಡ್ಜ್ ನಕಲಿ ಎಂಬುದು ಎರಡನೆಯ ತಪ್ಪು ಕಲ್ಪನೆ. ಲಾಡ್ಜ್‌ಗಳನ್ನು ಆಳುವ ಬಿಳಿಯರ ಗ್ರ್ಯಾಂಡ್ ಲಾಡ್ಜ್‌ಗಳೇ ಇದನ್ನು ಎರಡು ಶತಮಾನ ಹೇಳುತ್ತ ಬಂದವು. ಆದರೆ ಆಫ್ರಿಕನ್ ಲಾಡ್ಜ್‌ಗೆ 1784ರಲ್ಲಿ ಲಂಡನ್ನಿನ ಗ್ರ್ಯಾಂಡ್ ಲಾಡ್ಜ್ ಸನ್ನದು ಕೊಟ್ಟಿತ್ತು. ಕೊರತೆಯಿದ್ದದ್ದು ಕಾಗದದಲ್ಲಲ್ಲ, ಒಪ್ಪಿಕೊಳ್ಳುವ ಮನಸ್ಸಿನಲ್ಲಿ.

ಬಿಳಿಯ ಸದಸ್ಯರೆಲ್ಲ ಈ ನಿರಾಕರಣೆಯನ್ನು ನೋಡಿ ಸುಮ್ಮನಿದ್ದರು ಎನ್ನುವುದೂ ಸರಿಯಲ್ಲ. 1898ರಲ್ಲಿ ವಾಷಿಂಗ್ಟನ್ ರಾಜ್ಯದ ಗ್ರ್ಯಾಂಡ್ ಲಾಡ್ಜ್, ಆಫ್ರಿಕನ್ ಲಾಡ್ಜ್‌ನಿಂದ ಬೆಳೆದ ಪ್ರಿನ್ಸ್ ಹಾಲ್ ಪರಂಪರೆಯನ್ನು ಮಾನ್ಯ ಮಾಡಿತು. ಹಲವು ರಾಜ್ಯಗಳ ಗ್ರ್ಯಾಂಡ್ ಲಾಡ್ಜ್‌ಗಳು ಅದರೊಂದಿಗೆ ಸಂಬಂಧ ಕಡಿದುಕೊಂಡವು. ಮರುವರ್ಷವೇ ವಾಷಿಂಗ್ಟನ್ ಗ್ರ್ಯಾಂಡ್ ಲಾಡ್ಜ್ ಹಿಂದೆ ಸರಿಯಿತು. ಅಲ್ಲಿನ ಮುಖಂಡ ವಿಲಿಯಂ ಅಪ್ಟನ್, ಎರಡೂ ಬಣ್ಣದವರು ಸೋದರರಾಗಿ ಒಟ್ಟಿಗೆ ನಿಲ್ಲುವವರೆಗೆ ತನ್ನ ಸಮಾಧಿಯ ಮೇಲೆ ಕಲ್ಲು ನಿಲ್ಲಿಸಬಾರದೆಂದು ಬರೆದಿಟ್ಟು ತೀರಿಕೊಂಡ. ಆ ಕಲ್ಲು ನಿಲ್ಲಲು 1990ರ ದಶಕ ಬರಬೇಕಾಯಿತು. ಸತ್ತ ಮೇಲೂ ಹಟ ಬಿಡದ ಇಂಥವರನ್ನು ನೆನೆಯದೆ ಈ ಕಥೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಲಾಡ್ಜ್ ಎಂದರೆ ಮುಚ್ಚಿದ ಬಾಗಿಲ ಹಿಂದಿನ ಗುಟ್ಟಿನ ವಿಧಿಗಳು ಮಾತ್ರ ಎಂಬ ಎಣಿಕೆ ಎಲ್ಲಕ್ಕಿಂತ ಹೆಚ್ಚು ಅನ್ಯಾಯದ್ದು. ಗುಲಾಮಗಿರಿ ನಿಲ್ಲಿಸಿ ಎಂದು 1777ರಲ್ಲೇ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಹೋದ ಮನವಿಯಲ್ಲಿ ಪ್ರಿನ್ಸ್ ಹಾಲ್‌ನ ಸಹಿಯಿದೆ. ಕಪ್ಪು ಮಕ್ಕಳಿಗೆ ಶಾಲೆ ಬೇಕೆಂದು ಅವನು ಮುಂದೆಯೂ ಕೇಳುತ್ತಲೇ ಇದ್ದ. ನ್ಯೂಯಾರ್ಕಿನಲ್ಲಿ ಇದೇ ಪರಂಪರೆಯ ಗ್ರ್ಯಾಂಡ್ ಸೆಕ್ರೆಟರಿಯಾಗಿದ್ದ ಆರ್ತೂರೊ ಶೋಂಬರ್ಗ್, ಕಪ್ಪು ಜನರಿಗೆ ಇತಿಹಾಸವೇ ಇಲ್ಲ ಎಂದವರಿಗೆ ಉತ್ತರವಾಗಿ ಜೀವಮಾನವಿಡೀ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಕೂಡಿಹಾಕಿದ. ಆ ಸಂಗ್ರಹ 1926ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿತು. ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರ ಬೆಳೆದದ್ದು ಅದರಿಂದಲೇ. ಜಾಜ್ ಸಂಗೀತದ ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಇಬ್ಬರೂ ಪ್ರಿನ್ಸ್ ಹಾಲ್ ಮೇಸನ್ನರು. ಅಟ್ಲಾಂಟಾದ ಆಬರ್ನ್ ಅವೆನ್ಯೂದಲ್ಲಿರುವ ಪ್ರಿನ್ಸ್ ಹಾಲ್ ಕಟ್ಟಡದಿಂದ, ಕಪ್ಪು ಒಡೆತನದ ಮೊದಲ ಅಮೆರಿಕನ್ ರೇಡಿಯೊ ಕೇಂದ್ರವಾದ ಡಬ್ಲ್ಯುಇಆರ್‌ಡಿ ಪ್ರಸಾರ ಮಾಡುತ್ತಿತ್ತು. ಮಾರ್ಟಿನ್ ಲೂಥರ್ ಕಿಂಗ್ ಮುನ್ನಡೆಸಿದ ನಾಗರಿಕ ಹಕ್ಕು ಸಂಘಟನೆಯ ಕಚೇರಿಯೂ ಅಲ್ಲೇ ಇತ್ತು.

ಇನ್ನು, ಇದೆಲ್ಲ ಹಳೆಯ ಮಾತು, ಈಗ ಎಲ್ಲ ಒಂದಾಗಿದೆ ಎನ್ನುವವರಿಗೆ: ಬಿಳಿಯರ ಗ್ರ್ಯಾಂಡ್ ಲಾಡ್ಜ್‌ಗಳ ಮಾನ್ಯತೆ ಗಟ್ಟಿಯಾಗಿ ಶುರುವಾದದ್ದು 1989ರಲ್ಲಿ, ಕನೆಕ್ಟಿಕಟ್‌ನಿಂದ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಮತ್ತೆ ಒಪ್ಪಿದ್ದು 1994ರಲ್ಲಿ. ದಕ್ಷಿಣದ ರಾಜ್ಯಗಳು ಇನ್ನೂ ಬಹಳ ತಡ ಮಾಡಿದವು. ಮಾನ್ಯತೆ ಎಂದರೆ ವಿಲೀನವಲ್ಲ. ಒಬ್ಬರ ಸಭೆಗೆ ಇನ್ನೊಬ್ಬರು ಹೋಗಬಹುದು, ಸಂಸ್ಥೆಗಳು ಮಾತ್ರ ಬೇರೆಬೇರೆಯೇ. ತಾವು ಕಟ್ಟಿದ ಮನೆಯನ್ನು ಇನ್ನೊಂದರಲ್ಲಿ ಕರಗಿಸಲು ಪ್ರಿನ್ಸ್ ಹಾಲ್ ಮೇಸನ್ನರು ಮುಂದಾಗಿಲ್ಲ. ಆ ನಿಲುವು ನನಗೆ ನ್ಯಾಯವಾಗಿಯೇ ಕಾಣುತ್ತದೆ.